ನಾಲ್ಕು ರಾತ್ರಿ ಉಳಿದೆವು, ಎರಡೇ ರಾತ್ರಿಯ ದುಡ್ಡು ತಗೊಂಡರು. ಈಗ ಏನು ಮಾಡಲಿ? (ಉಷ್ಗುಲಿ, ಜಾರ್ಜಿಯಾ)

ಕಿಟಕಿಸೀಟು | ಜುಲೈ 9, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಾಮಾನ್ಯವಾಗಿ ದುಡ್ಡು ಜಾಸ್ತಿ ಕಿತ್ತರು ಅನ್ನೋ ದೂರೇ ಬರುತ್ತದೆ. ನನ್ನದು ಉಲ್ಟಾ.

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಜಾರ್ಜಿಯಾಕ್ಕೆ ಹೋಗಿದ್ದೆ. ಅಮ್ಮನಿಗೆ 63. ಟಿಬಿಲಿಸಿಯಿಂದ ರಾತ್ರಿ ರೈಲಿನಲ್ಲಿ ಜುಗ್ದಿದಿ, ಅಲ್ಲಿಂದ ಮಾರ್ಶ್ರುತ್ಕಾ ಅನ್ನೋ ಮಿನಿವ್ಯಾನಿನಲ್ಲಿ ಮೆಸ್ತಿಯಾ. ಮೆಸ್ತಿಯಾದಿಂದ ಉಷ್ಗುಲಿ ಸುಮಾರು 45 ಕಿಲೋಮೀಟರ್, ಮಿತ್ಸುಬಿಷಿ ಡೆಲಿಕಾದಲ್ಲಿ. ಗಾಡಿ ಜಪಾನಿನಿಂದ ತರಿಸಿದ ಸೆಕೆಂಡ್‌ಹ್ಯಾಂಡ್, ಸ್ಟೀರಿಂಗ್ ಬಲಗಡೆ. ಅಲ್ಲಿ ಓಡಿಸೋದು ರಸ್ತೆಯ ಬಲಬದಿಗೆ. ಹಾಗಾಗಿ ಎದುರಿಂದ ಏನು ಬರ್ತಿದೆ ಅಂತ ಡ್ರೈವರಿಗಿಂತ ಮೊದಲು ಪಕ್ಕದಲ್ಲಿ ಕೂತ ಅಮ್ಮನಿಗೇ ಕಾಣುತ್ತಿತ್ತು. ಆಕೆ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದಳು.

ಉಷ್ಗುಲಿಯಲ್ಲಿ ಒಂದು ಮನೆಯ ಗೆಸ್ಟ್‌ಹೌಸ್. ಅಜ್ಜಿ, ಮಗ, ಸೊಸೆ, 14 ವರ್ಷದ ಮೊಮ್ಮಗಳು. ಎರಡು ರಾತ್ರಿಗೆ ಬುಕ್ ಮಾಡಿದ್ದೆವು. ಒಬ್ಬರಿಗೆ ದಿನಕ್ಕೆ 80 ಲಾರಿ (ಲಾರಿ ಅಂದರೆ ಜಾರ್ಜಿಯಾದ ದುಡ್ಡು), ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಸೇರಿ. ಎರಡನೇ ರಾತ್ರಿ ಮಳೆ ಹಿಡಿಯಿತು. ಬೆಳಿಗ್ಗೆ ಎದ್ದರೆ ಮೆಸ್ತಿಯಾ ರಸ್ತೆಗೆ ಗುಡ್ಡ ಜರಿದು ಬಿದ್ದಿದೆ, ಗಾಡಿ ಇಲ್ಲ. ಹೀಗೆ ಇನ್ನೆರಡು ರಾತ್ರಿ ಉಳಿದೆವು.

ಹೊರಡುವ ದಿನ 640 ಲಾರಿ ಎಣಿಸಿ ಕೊಟ್ಟೆ. ಅಜ್ಜಿ 320 ತೆಗೆದುಕೊಂಡು ಉಳಿದದ್ದನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ನಾನು ಅವರ ಕಡೆ ಸರಿಸಿದೆ. ಅವರು ಮತ್ತೆ ನನ್ನ ಕಡೆ. ಕೊನೆಗೆ ಮೊಮ್ಮಗಳನ್ನು ಕರೆದರು. ಅವಳು ಶಾಲೆಯ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಎರಡು ದಿನ ನೀವಾಗಿ ಬಂದು ಉಳಿದಿರಿ. ಇನ್ನೆರಡು ದಿನ ರಸ್ತೆ ನಿಮ್ಮನ್ನು ಬಿಡಲಿಲ್ಲ. ರಸ್ತೆ ಮಾಡಿದ ತಪ್ಪಿಗೆ ನಿಮ್ಮ ಹತ್ತಿರ ಯಾಕೆ ದುಡ್ಡು ಅಂತ ಅಜ್ಜಿ ಕೇಳ್ತಿದ್ದಾರೆ."

ನನಗೆ ಉತ್ತರ ಹೊಳೆಯಲಿಲ್ಲ. ಬಂದು ಮೂರು ವಾರ ಆಯಿತು, ಆ 320 ಲಾರಿ ಕವರಿನಲ್ಲಿ ಹಾಗೇ ಇದೆ. ಹೇಗೆ ತೀರಿಸೋದು? ತೀರಿಸಬೇಕಾ?

---

ಲೆಕ್ಕಪತ್ರ | ಜುಲೈ 9, ರಾತ್ರಿ 10:05

ತೀರಿಸಬೇಕು. ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಅಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದರೆ ಯಾರೂ ಸುಳಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಡಿದದ್ದೇ ವರ್ಷದ ದುಡಿಮೆ. ಅವರು ಒಳ್ಳೆಯವರು ಅಂತ ನೀವು ನಾಲ್ಕು ಮಂಚ-ದಿನ ಪುಕ್ಕಟೆ ಇದ್ದು ಬಂದರೆ ಅದು ಅವರ ಜೇಬಿನಿಂದ ಹೋದ ಹಾಗೆ.

---

ಕಿಟಕಿಸೀಟು | ಜುಲೈ 9, ರಾತ್ರಿ 10:18

ರಸ್ತೆ ಮುಚ್ಚಿತ್ತಲ್ಲ ಸರ್. ನಾವು ಹೊರಗೆ ಹೋಗೋಕೆ ಆಗಲಿಲ್ಲ ಅಂದರೆ ಬೇರೆಯವರು ಒಳಗೆ ಬರೋಕೂ ಆಗಲಿಲ್ಲ. ಮಂಚ ಹೇಗೂ ಖಾಲಿ ಇರುತ್ತಿತ್ತು.

---

ಲೆಕ್ಕಪತ್ರ | ಜುಲೈ 9, ರಾತ್ರಿ 10:31

ಮಂಚ ಖಾಲಿ ಇರುತ್ತಿತ್ತು, ಒಪ್ಪಿದೆ. ಊಟ? ಹಿಟ್ಟು, ಎಣ್ಣೆ, ಸಕ್ಕರೆ ಎಲ್ಲ ಅದೇ ಮುಚ್ಚಿದ ರಸ್ತೆಯಲ್ಲೇ ಮೇಲೆ ಬರಬೇಕು. ರಸ್ತೆ ಯಾವಾಗ ತೆರೆಯುತ್ತೋ ಗೊತ್ತಿಲ್ಲದ ಹೊತ್ತಿನಲ್ಲಿ ಡಬ್ಬದಲ್ಲಿದ್ದ ಹಿಟ್ಟನ್ನು ನಿಮಗೂ ನಾದಿ ಹಾಕಿದ್ದಾರೆ. ಅದರ ಬೆಲೆ ದಿನಕ್ಕೆ 80 ಲಾರಿಗಿಂತ ಜಾಸ್ತಿ ಅಂತಲೇ ನನ್ನ ಲೆಕ್ಕ.

---

ಕಿಟಕಿಸೀಟು | ಜುಲೈ 9, ರಾತ್ರಿ 10:40

ಇದು ನನಗೆ ಹೊಳೆದಿರಲಿಲ್ಲ. ಈಗ ಇನ್ನೂ ಜಾಸ್ತಿ ಕಸಿವಿಸಿ ಆಗ್ತಿದೆ, ಥ್ಯಾಂಕ್ಸ್ :)

---

ಬೆಳ್ಳುಳ್ಳಿ | ಜುಲೈ 10, ಬೆಳಿಗ್ಗೆ 7:15

ವಿಷಯ ತಪ್ಪಿಸ್ತಿದ್ದೀನಿ, ಬೈಬೇಡಿ. ನಾನು ಸೆಪ್ಟೆಂಬರ್‌ನಲ್ಲಿ ಹೋಗ್ತಿದ್ದೀನಿ. ಮಾಂಸ ತಿನ್ನಲ್ಲ. ಸ್ವಾನೇತಿ (ಮೆಸ್ತಿಯಾ, ಉಷ್ಗುಲಿ ಇರೋ ಬೆಟ್ಟದ ಸೀಮೆ) ಕಡೆ ಬದುಕಿ ಬರ್ತೀನಾ?

---

ಅಲೆಮಾರಿ_ಅಕ್ಕ | ಜುಲೈ 10, ಬೆಳಿಗ್ಗೆ 8:50

ಬದುಕೋದೇನು, ದಪ್ಪ ಆಗಿ ಬರ್ತೀಯ. ಜಾರ್ಜಿಯಾಕ್ಕೆ ಎರಡು ಸಲ ಹೋಗಿದ್ದೀನಿ, ಎರಡೂ ಸಲ ಮನೆಗಳಲ್ಲೇ ಉಳಿದದ್ದು.

ಸ್ವಾನೇತಿಯ ಹೆಸರಾಂತ ತಿಂಡಿ ಕುಬ್ದಾರಿ. ಒಳಗೆ ಮಾಂಸ ಇರುತ್ತೆ, ಅದು ನಿನಗಲ್ಲ. ಆದರೆ ತಷ್ಮಿಜಾಬಿ ಅಂತ ಒಂದಿದೆ. ಬೇಯಿಸಿದ ಆಲೂಗಡ್ಡೆಗೆ ಚೀಸ್ ಹಾಕಿ, ಎತ್ತಿದರೆ ಎಳೆಎಳೆಯಾಗಿ ಬರೋ ತನಕ ತಿರುವುತ್ತಾರೆ. ಚ್ವಿಷ್ಟಾರಿ ಅಂದರೆ ಜೋಳದ ಹಿಟ್ಟಿಗೆ ಚೀಸ್ ಕಲಸಿ ಬಾಣಲೆಯಲ್ಲಿ ಸುಡೋದು. ಜೋಳ ಅಂದರೆ ಮುಸುಕಿನ ಜೋಳ. ಒಳಗೆ ಚೀಸ್ ಇರೋ ಖಾಚಪುರಿ ಎಲ್ಲೆಲ್ಲೂ ಸಿಗುತ್ತೆ. ಇಲ್ಲಿ 'ಪುರಿ' ಅಂದರೆ ಜಾರ್ಜಿಯನ್ನಿನಲ್ಲಿ ಬ್ರೆಡ್ಡು. ನಾನು ಮೊದಲ ದಿನ ಪುರಿ ಅಂತ ಕೇಳಿ ಉಬ್ಬಿದ್ದನ್ನು ಕಾಯ್ತಾ ಕೂತಿದ್ದೆ. ಬಂದದ್ದು ಮೊಳದುದ್ದದ ರೊಟ್ಟಿ.

ಎರಡು ಪದ ಬರೆದಿಟ್ಟುಕೋ. 'ಉಖೋರ್ತ್ಸೋ' ಅಂದರೆ ಮಾಂಸ ಇಲ್ಲದ್ದು. 'ಸಮಾರ್ಖ್ವೋ' ಅಂದರೆ ಅವರ ಚರ್ಚಿನ ಉಪವಾಸದ ಊಟ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇರಲ್ಲ. "ನಾನು ಸಸ್ಯಾಹಾರಿ" ಅಂದರೆ ಕೆಲವು ಅಜ್ಜಿಯರಿಗೆ ಅರ್ಥ ಆಗಲ್ಲ, ಕೋಳಿ ಮಾಡಿಕೊಡ್ಲಾ ಅಂತಾರೆ. ಸಮಾರ್ಖ್ವೋ ಅಂದರೆ ತಕ್ಷಣ ಗೊತ್ತಾಗುತ್ತೆ, ತಾವೂ ಮಾಡೋದಲ್ವಾ. ಚೀಸ್ ಬೇಕಿದ್ದರೆ ಮಾತ್ರ ಮೊದಲನೇ ಪದವನ್ನೇ ಹೇಳು.

ಲೋಬಿಯಾನಿ ಅನ್ನೋ ರೊಟ್ಟಿಯ ಒಳಗೆ ಇರೋದು ಬೀನ್ಸ್. ಆದರೂ ಕೇಳಿ ತಿನ್ನು. ರಾಚಾ ಕಡೆಯ ಲೋಬಿಯಾನಿಗೆ ಹಂದಿಮಾಂಸ ಹಾಕ್ತಾರೆ.

---

ಅಲೆಮಾರಿ_ಅಕ್ಕ | ಜುಲೈ 10, ಬೆಳಿಗ್ಗೆ 9:02

ಇನ್ನೊಂದು ಮರೆತೆ. ಅಲ್ಲಿ 'ಮಾಮಾ' ಅಂದರೆ ಅಪ್ಪ, 'ದೇದಾ' ಅಂದರೆ ಅಮ್ಮ. ಆ ಮನೆಯ ಹುಡುಗಿ ಒಬ್ಬರನ್ನು ತೋರಿಸಿ ಮಾಮಾ ಅಂದಳು. ನಾನು ಅವಳ ಸೋದರಮಾವ ಇರಬೇಕು ಅಂದುಕೊಂಡು ಮೂರು ದಿನ ಹಾಗೇ ಮಾತಾಡಿದ್ದೆ. "ನಿನ್ನ ಅಪ್ಪ ಯಾವಾಗ ಬರ್ತಾರೆ" ಅಂತ ಅವರ ಎದುರಿಗೇ ಕೇಳಿದ್ದೆ ಬೇರೆ!

---

ಮೋಡಕವಿದು | ಜುಲೈ 10, ಮಧ್ಯಾಹ್ನ 1:30

ಎಲ್ಲರೂ ಹೊಗಳ್ತಿದ್ದೀರಿ, ಸ್ವಲ್ಪ ಕಹಿಯೂ ಇರಲಿ. ಹೆಸರು ಹೇಳಲ್ಲ. ಜಾರ್ಜಿಯಾದ್ದೇ ಇನ್ನೊಂದು ಬೆಟ್ಟದೂರು, ಮನೆಯವರೇ ನಡೆಸೋ ಗೆಸ್ಟ್‌ಹೌಸ್. ರಾತ್ರಿ ಊಟಕ್ಕೆ ಕೂತಾಗ ಯಜಮಾನರು ವೈನ್ ಹೂಜಿ ತಂದಿಟ್ಟು "ನಮ್ಮ ಮನೆಯದ್ದು, ಕುಡಿ ಕುಡಿ" ಅಂದರು. ತಾವೂ ಕೂತರು. ಒಂದು ಹೂಜಿ ಆಯಿತು, ಎರಡಾಯಿತು. ಬೆಳಿಗ್ಗೆ ಬಿಲ್ಲಿನಲ್ಲಿ ಎರಡೂ ಹೂಜಿ ಇತ್ತು, ಅವರು ಕುಡಿದದ್ದೂ ಸೇರಿ.

ದುಡ್ಡು ದೊಡ್ಡದಲ್ಲ. ಆದರೆ ರಾತ್ರಿಯೆಲ್ಲ ನೆಂಟ, ಬೆಳಿಗ್ಗೆ ಗಿರಾಕಿ. ಆ ಬದಲಾವಣೆ ಚುಚ್ಚಿತು.

---

ಅಲೆಮಾರಿ_ಅಕ್ಕ | ಜುಲೈ 10, ಮಧ್ಯಾಹ್ನ 2:10

ಬೇಜಾರಾಗೋದೇ. ನನ್ನ ಪದ್ಧತಿ ಏನಂದ್ರೆ, ಬಂದ ಸಂಜೆಯೇ ನಗುತ್ತಾ ಕೇಳಿಬಿಡೋದು: ಊಟದಲ್ಲಿ ಏನೇನು ಸೇರಿದೆ, ವೈನ್‌ಗೆ ಬೇರೆಯಾ? ಕೇಳಿದರೆ ಅವರಿಗೆ ಬೇಸರ ಆಗಲ್ಲ. ಕೇಳದೆ ಆಮೇಲೆ ಮುಖ ಊದಿಸಿದರೆ ಆಗುತ್ತೆ.

ಇನ್ನು ಊಟಕ್ಕೆ ಯಜಮಾನರೇ ಕೂತರೆ ಅದು ಸುಪ್ರಾ, ಅಂದರೆ ಅಲ್ಲಿನ ಔತಣಕೂಟ, ಆಗೋ ಸಾಧ್ಯತೆ ಇದೆ. ಒಬ್ಬರು ತಮಾದಾ ಆಗಿ ಒಂದೊಂದು ಗ್ಲಾಸಿಗೂ ಒಂದೊಂದು ಮಾತು ಹೇಳ್ತಾರೆ. ದೇವರಿಗೆ, ಶಾಂತಿಗೆ, ತೀರಿಕೊಂಡವರಿಗೆ, ಮಕ್ಕಳಿಗೆ, ಬಂದ ನೆಂಟರಿಗೆ. ಮಾತು ಮುಗಿಯೋ ತನಕ ಯಾರೂ ಗ್ಲಾಸ್ ಎತ್ತಲ್ಲ. ಮುಗಿದ ಮೇಲೆ "ಗೌಮಾರ್ಜೋಸ್!" ಕುಡಿಯದವರು ಜ್ಯೂಸಿನಲ್ಲೂ ಸೇರಿಕೊಳ್ಳಬಹುದು, ನಾನು ಹಾಗೇ ಮಾಡಿದ್ದು. ಚಾಚಾ ಕೊಟ್ಟರೆ ಮಾತ್ರ ಹುಷಾರು. ದ್ರಾಕ್ಷಿ ಹಿಂಡಿದ ಮೇಲೆ ಉಳಿಯೋ ಸಿಪ್ಪೆ-ಬೀಜದಿಂದ ಬಟ್ಟಿ ಇಳಿಸಿದ್ದು, ಗಂಟಲು ಸುಡುತ್ತೆ.

---

ನಡಿಗೆಯವ | ಜುಲೈ 10, ಸಂಜೆ 6:45

ಮೆಸ್ತಿಯಾದಿಂದ ಉಷ್ಗುಲಿಗೆ ನಾಲ್ಕು ದಿನ ನಡೆದುಕೊಂಡು ಹೋದವನು ನಾನು. ಝಬೇಷಿ, ಆದಿಷಿ, ಇಪ್ರಾಲಿ, ಕೊನೆಗೆ ಉಷ್ಗುಲಿ. ಮೂರೂ ರಾತ್ರಿ ಹಳ್ಳಿ ಮನೆಗಳಲ್ಲೇ ಉಳಿದದ್ದು. ಟೆಂಟ್ ಹೊರಲಿಲ್ಲ, ಅಕ್ಕಿಬೇಳೆ ಹೊರಲಿಲ್ಲ. ಈ ಮನೆಗಳೇ ಇಲ್ಲದಿದ್ದರೆ ನನ್ನಂಥ ಮೊಣಕಾಲು ನೋವಿನವರು ಆ ದಾರಿ ತುಳಿಯೋ ಹಾಗೇ ಇಲ್ಲ.

ಆದಿಷಿಯಲ್ಲಿ ಆದದ್ದು ಹೇಳ್ತೀನಿ. ಮರುದಿನ ಹಿಮನದಿಯ ಹೊಳೆ ದಾಟಬೇಕು. ನಾನು ಎಂಟಕ್ಕೆ ತಿಂಡಿ ಸಾಕು ಅಂದೆ. ಮನೆಯಾಕೆ ಆರಕ್ಕೇ ಬಾಗಿಲು ಬಡಿದು ಎಬ್ಬಿಸಿದರು. ಸಿಟ್ಟು ಬಂತು. ಆಕೆ ಬೆರಳಿನಿಂದ ಸೂರ್ಯನನ್ನು ತೋರಿಸಿ, ಆಮೇಲೆ ಕೈಯನ್ನು ಮೊಣಕಾಲಿನಿಂದ ಸೊಂಟದವರೆಗೆ ಏರಿಸಿ ತೋರಿಸಿದರು. ಬಿಸಿಲೇರಿದಂತೆ ಮಂಜು ಕರಗಿ ಹೊಳೆ ಏರುತ್ತೆ ಅಂತ. ಹೊಳೆಯ ಹತ್ತಿರ ಊರಿನವರು ಕುದುರೆ ಇಟ್ಟುಕೊಂಡು ಕಾಯ್ತಾರೆ, ದುಡ್ಡು ತಗೊಂಡು ದಾಟಿಸ್ತಾರೆ. ನಾನು ಕುದುರೆ ಮೇಲೆ ಕೂತೂ ಎರಡೂ ಬೂಟು ಒದ್ದೆ ಮಾಡಿಕೊಂಡೆ.

ಮೂಲ ಪ್ರಶ್ನೆಗೆ: ದುಡ್ಡನ್ನು ದಿಂಬಿನ ಕೆಳಗೆ ಇಟ್ಟು ಬರೋದು ಅನ್ನೋ ಜನ ಇದ್ದಾರೆ. ಬೇಡ್ರೀ. ಬೇಡ ಅಂದದ್ದನ್ನು ಕದ್ದು ಕೊಟ್ಟ ಹಾಗಾಗುತ್ತೆ.

---

ಲೆಕ್ಕಪತ್ರ | ಜುಲೈ 10, ರಾತ್ರಿ 8:20

ದಿಂಬು ಬೇಡ ಅಂದರೆ ಬೇರೆ ದಾರಿ ಇದೆ. ಅವರನ್ನು ಬುಕಿಂಗ್ ಸೈಟಿನಲ್ಲಿ ಹುಡುಕಿದ್ದಾ ಅಥವಾ ನೇರವಾಗಿಯಾ? ಸೈಟ್ ಆದರೆ ಅದು ಪ್ರತಿ ಬುಕಿಂಗಿಗೂ ಕಮಿಷನ್ ಹಿಡಿಯುತ್ತೆ. ಇಲ್ಲಿಂದ ಹೋಗೋ ನಾಲ್ಕು ಜನರನ್ನು ನೇರವಾಗಿ ಅವರ ಮನೆಗೆ ಕಳಿಸಿ. ಕಮಿಷನ್ನೂ ಉಳಿಯುತ್ತೆ, ಮಂಚವೂ ತುಂಬುತ್ತೆ. ಜೊತೆಗೆ ಒಂದು ಉದ್ದದ ರಿವ್ಯೂ. "ಸೂಪರ್ ಜಾಗ" ಅಂತ ಅಲ್ಲ. ಬಿಸಿನೀರು ಬರುತ್ತಾ, ಮೆಟ್ಟಿಲು ಎಷ್ಟಿದೆ, ಮಾಂಸ ತಿನ್ನದವರಿಗೆ ಏನು ಹಾಕ್ತಾರೆ, ಇಂಥವು. ಬುಕ್ ಮಾಡೋರು ಓದೋದು ಅದನ್ನೇ.

---

ಕಿಟಕಿಸೀಟು | ಜುಲೈ 11, ಬೆಳಿಗ್ಗೆ 6:30

ರಿವ್ಯೂ ಬರೆದೆ. ಬರೀತಾ ಆ ಎರಡು ದಿನ ಮತ್ತೆ ನೆನಪಾಯಿತು.

ಮಳೆಯಲ್ಲಿ ಮಾಡೋಕೆ ಏನೂ ಇರಲಿಲ್ಲ. ಉಷ್ಗುಲಿಯಲ್ಲಿ ನೋಡೋದೆಲ್ಲ ಹೊರಗೇ ಇದೆ. ಬಿಸಿಲಿದ್ದ ದಿನ ಲಮಾರಿಯಾ ಚರ್ಚಿನ ತನಕ ಹತ್ತಿದ್ದೆವು, ಹಿಂದೆ 5 ಸಾವಿರ ಮೀಟರ್ ದಾಟಿದ ಷ್ಖಾರಾ ಬೆಟ್ಟ ಬೆಳ್ಳಗೆ ನಿಂತಿತ್ತು. ಮಳೆ ಬಂದ ಮೇಲೆ ಬೆಟ್ಟ ಬಿಡಿ, ಎದುರಿನ ಕಲ್ಲಿನ ಗೋಪುರವೂ ಅರ್ಧವೇ ಕಾಣುತ್ತಿತ್ತು.

ಹಾಗಾಗಿ ಎಲ್ಲರೂ ಅಡುಗೆಮನೆಯಲ್ಲೇ. ನಡುವೆ ಕಬ್ಬಿಣದ ಕಟ್ಟಿಗೆ ಒಲೆ, ಅದರ ಕೊಳವೆ ಚಾವಣಿ ತೂರಿ ಹೋಗುತ್ತೆ. ಒಲೆಯ ಮೇಲೆ ಕೆಟಲ್, ಪಕ್ಕದಲ್ಲಿ ಬಾಣಲೆ, ಮೇಲೆ ಕಟ್ಟಿದ ಹಗ್ಗದಲ್ಲಿ ನಮ್ಮ ಸಾಕ್ಸು. ನನ್ನ ಶೂಗಳಿಗೆ ಅಜ್ಜಿ ಹಳೇ ಪೇಪರ್ ತುರುಕಿ ಒಲೆಯಿಂದ ಒಂದು ಗೇಣು ದೂರ ಇಟ್ಟಿದ್ದರು. ನಾನು ಹತ್ತಿರ ಸರಿಸಿದರೆ ಬಂದು ಮತ್ತೆ ಒಂದು ಗೇಣು ಹಿಂದಕ್ಕೆ. ಅಂಟು ಬಿಟ್ಟು ಹೋಗುತ್ತೆ ಅಂತ ಇರಬೇಕು.

ಅಮ್ಮನಿಗೆ ಜಾರ್ಜಿಯನ್ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಅಜ್ಜಿ ಮಾತಾಡುತ್ತಿದ್ದದ್ದು ಜಾರ್ಜಿಯನ್ನೂ ಅಲ್ಲ, ಸ್ವಾನ್ ಭಾಷೆ. ಜಾರ್ಜಿಯನ್ನಿನ ನೆಂಟ ಭಾಷೆಯೇ, ಆದರೆ ಬಯಲಿನ ಜಾರ್ಜಿಯನ್ನರಿಗೂ ಅರ್ಥ ಆಗಲ್ಲ ಅಂತ ಹುಡುಗಿ ಹೇಳಿದಳು. ಫೋನಿನ ಅನುವಾದ ಅಜ್ಜಿಯ ಮುಂದೆ ಸೋತಿತು. ಅಮ್ಮ ಫೋನ್ ಕೆಳಗಿಟ್ಟು, ಅಜ್ಜಿಯ ಮುಂದಿದ್ದ ಬೀನ್ಸ್ ತಟ್ಟೆಯನ್ನು ಅರ್ಧ ತನ್ನ ಕಡೆ ಎಳೆದುಕೊಂಡು ಕಲ್ಲು ಆರಿಸೋಕೆ ಕೂತಳು. ಸಂಜೆಯ ತನಕ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿದರು. ಅಮ್ಮ ನನ್ನ ಮದುವೆ ವಿಷಯ ಎತ್ತಿದ್ದಳು ಅಂತ ಧ್ವನಿಯಿಂದಲೇ ನನಗೆ ಗೊತ್ತಾಯಿತು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು. ಅರ್ಥ ಆಗಿರಬೇಕು.

ಎರಡನೇ ದಿನ ಅಜ್ಜಿ ಮೊಮ್ಮಗಳ ಜಾಕೆಟ್ ಹೊಲೀತಾ ಕೂತರು. ಸೂಜಿಗೆ ದಾರ ಹೋಗ್ತಿಲ್ಲ. ಕಿಟಕಿಗೆ ಹಿಡೀತಾರೆ, ಎಂಜಲು ಹಚ್ಚಿ ಹೊಸೀತಾರೆ, ಊಹೂಂ. ಅಮ್ಮನ ಪರ್ಸಿನಲ್ಲಿ ಆ ಸಣ್ಣ ತಗಡಿನ ಬಿಲ್ಲೆ ಇತ್ತು, ತುದಿಯಲ್ಲಿ ತೆಳು ತಂತಿಯ ಕುಣಿಕೆ ಇರುತ್ತಲ್ಲ, ಸೂಜಿಗೆ ದಾರ ಪೋಣಿಸೋದು. ಕುಣಿಕೆಯನ್ನು ಸೂಜಿಯ ಕಣ್ಣಿಗೆ ತೂರಿಸಿ, ದಾರ ಸಿಕ್ಕಿಸಿ, ಎಳೆದು ತೋರಿಸಿದಳು. ಅಜ್ಜಿ ಸೂಜಿಯಿಂದ ದಾರ ತೆಗೆದು ತಾವೇ ಪೋಣಿಸಿದರು. ಮತ್ತೆ ತೆಗೆದರು, ಮತ್ತೆ ಪೋಣಿಸಿದರು. ಸೊಸೆಯನ್ನು ಕರೆದು ತೋರಿಸಿದರು. ಅದನ್ನು ಅವರಿಗೇ ಕೊಡೋಣ ಅನ್ನುವಷ್ಟರಲ್ಲಿ ತಂತಿ ಕಿತ್ತು ಬಂತು. ಹಳೇದು, ಏನು ಮಾಡೋದು. ಇಬ್ಬರೂ ಸಪ್ಪಗಾದರು.

---

ಬೆಳ್ಳುಳ್ಳಿ | ಜುಲೈ 11, ಬೆಳಿಗ್ಗೆ 7:05

ಅಕ್ಕ, ಉತ್ತರ ನಿಮ್ಮ ಪೋಸ್ಟಿನಲ್ಲೇ ಇದೆಯಲ್ಲ! ಹತ್ತು ಬಿಲ್ಲೆ ತಗೊಂಡು ನನಗೆ ಪೋಸ್ಟ್ ಮಾಡಿ. ಸೆಪ್ಟೆಂಬರ್ 12ಕ್ಕೆ ನಾನು ಉಷ್ಗುಲಿಯಲ್ಲಿರ್ತೀನಿ. ಅದೇ ಮನೆಯಲ್ಲಿ ಎರಡು ರಾತ್ರಿ ನೇರವಾಗಿ ಬುಕ್ ಮಾಡ್ತೀನಿ, ಲೆಕ್ಕಪತ್ರ ಸರ್ ಖುಷಿಯಾಗಲಿ.

---

ಅಲೆಮಾರಿ_ಅಕ್ಕ | ಜುಲೈ 11, ಬೆಳಿಗ್ಗೆ 9:40

ಫೋಟೋ ಪ್ರಿಂಟ್ ಹಾಕಿಸಿ ಕಳಿಸಿ. ಬಂದವರೆಲ್ಲ ಕ್ಲಿಕ್ಕಿಸಿಕೊಂಡು ಹೋಗ್ತಾರೆ, ಕಾಗದದ ಮೇಲೆ ಕೊಡೋರು ಕಡಿಮೆ. ಹೂವು ಒಯ್ಯೋದಾದರೆ ಬೆಸ ಸಂಖ್ಯೆಯಲ್ಲಿ ಒಯ್ಯಿ ಬೆಳ್ಳುಳ್ಳಿ, ಮೂರೋ ಐದೋ. ಸಮಸಂಖ್ಯೆ ಸಾವಿನ ಮನೆಗೆ.

ನಗದು ಮೆಸ್ತಿಯಾದಲ್ಲೇ ತೆಗೆದಿಟ್ಟುಕೋ, ಮೇಲೆ ಎಟಿಎಂ ನಂಬಿಕೊಂಡು ಹೋಗಬೇಡ. 2026ರ ಜನವರಿಯಿಂದ ಜಾರ್ಜಿಯಾಕ್ಕೆ ಹೋಗುವ ಪ್ರವಾಸಿಗರಿಗೆ ಆರೋಗ್ಯ ವಿಮೆ ಕಡ್ಡಾಯ. ಅದರ ಪ್ರತಿ ಮತ್ತು ಗೆಸ್ಟ್‌ಹೌಸ್ ಬುಕಿಂಗಿನ ಪ್ರತಿ ಎರಡೂ ಕಾಗದದಲ್ಲೇ ಇರಲಿ. ಏರ್‌ಪೋರ್ಟಿನಲ್ಲಿ ಫೋನ್ ಚಾರ್ಜ್ ಇರಲ್ಲ, ನನ್ನ ಅನುಭವ.

---

ಮೋಡಕವಿದು | ಜುಲೈ 11, ಬೆಳಿಗ್ಗೆ 11:15

ಆ ಗೋಪುರಗಳ ಬಗ್ಗೆ ಯಾರೂ ಹೇಳಲಿಲ್ಲ. ಒಳಗೆ ಹತ್ತೋಕೆ ಬಿಡ್ತಾರಾ?

---

ನಡಿಗೆಯವ | ಜುಲೈ 11, ಮಧ್ಯಾಹ್ನ 12:50

ಮೆಸ್ತಿಯಾದಲ್ಲಿ ಒಂದೆರಡು ಕಡೆ ಬಿಡ್ತಾರೆ. ಒಳಗೆ ಏಣಿ, ಮೇಲೆ ಮೇಲೆ ಕಿರಿದಾಗುವ ಕಿಂಡಿ. ಹೆಚ್ಚಿನವು 9ರಿಂದ 12ನೇ ಶತಮಾನದ ಕಾಲದವು. ಹೊರಗಿನ ದಾಳಿ ಬಂದರೂ, ಊರೊಳಗೆ ಮನೆತನಗಳ ನಡುವೆ ಸೇಡಿನ ಜಗಳ ಬಂದರೂ ಇಡೀ ಕುಟುಂಬ ಒಳಗೆ ಸೇರಿ ಏಣಿ ಮೇಲೆ ಎಳೆದುಕೊಳ್ಳೋದು. ಉಷ್ಗುಲಿಯ ಚಾಝಾಷಿ ಎಂಬ ಒಂದೇ ಹಳ್ಳಿಯಲ್ಲಿ ಗೋಪುರದ ಮನೆ, ಚರ್ಚು, ಕೋಟೆ ಎಲ್ಲ ಸೇರಿ 200ಕ್ಕಿಂತ ಜಾಸ್ತಿ ಹಳೇ ಕಟ್ಟಡ ಇವೆ ಅಂತ ಯುನೆಸ್ಕೊ ಲೆಕ್ಕ. 1996ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು.

ಅಂದರೆ ಏಣಿ ಎಳೆದುಕೊಂಡು ಕೂತವರ ಮೊಮ್ಮಕ್ಕಳು ಇವತ್ತು "ರಸ್ತೆಯ ತಪ್ಪಿಗೆ ದುಡ್ಡು ಬೇಡ" ಅಂತಿದ್ದಾರೆ. ಸುಮ್ನೆ ಹೇಳಿದೆ.

---

ಕಿಟಕಿಸೀಟು | ಜುಲೈ 14, ರಾತ್ರಿ 9:00

ಅಮ್ಮ ಒಪ್ಪಿದಳು. ಹತ್ತು ಸಾಲದು ಅಂತ ಇಪ್ಪತ್ತೈದು ಬಿಲ್ಲೆ ತಂದಿದ್ದಾಳೆ. ಪಕ್ಕದ ಮನೆಯವರಿಗೂ ಕೊಡಬೇಕಂತೆ, ಅಲ್ಲಿ ಯಾರಿಗೆ ಕಣ್ಣು ಮಂಜು ಅಂತೆಲ್ಲ ಗೊತ್ತಿರೋ ಹಾಗೆ. ಫೋಟೋ ಒಂಬತ್ತು. ಬೆಳ್ಳುಳ್ಳಿ, ವಿಳಾಸ ಮೆಸೇಜ್ ಮಾಡಿ.

---

ಬೆಳ್ಳುಳ್ಳಿ | ಸೆಪ್ಟೆಂಬರ್ 23, ಸಂಜೆ 5:10

ಬಂದೆ. ವರದಿ.

ಮನೆ ಸಿಕ್ಕಿತು. ನಾಯಿ ಬೊಗಳಿತು, ಹುಡುಗಿ ಬಂದಳು. ಮೊದಲು ಫೋಟೋ ಕೊಟ್ಟೆ. ಅಜ್ಜಿ ಒಂದೊಂದನ್ನೂ ತೋಳುದ್ದ ದೂರ ಹಿಡಿದು ನೋಡಿದರು. ಒಲೆಯ ಮುಂದೆ ಇಬ್ಬರೂ ಕೂತ ಫೋಟೋವನ್ನು ಕಪಾಟಿನ ಗಾಜಿನ ಸಂದಿಗೆ ಸಿಕ್ಕಿಸಿದರು. ಉಳಿದ ಎಂಟು ಎಲ್ಲಿ ಹೋದವೋ ಗೊತ್ತಿಲ್ಲ, ಸಂಜೆಯೊಳಗೆ ಊರು ಸುತ್ತಿ ಬಂದಿರಬೇಕು.

ಆಮೇಲೆ ಬಿಲ್ಲೆಯ ಪೊಟ್ಟಣ. ಬಿಡಿಸಿದರು, ನೋಡಿದರು, ಜೋರಾಗಿ ನಕ್ಕರು. ಸೂಜಿ ತರಿಸಿ ನನ್ನ ಎದುರಿಗೇ ಪೋಣಿಸಿ ತೋರಿಸಿದರು, ನಾನು ಈ ಜನ್ಮದಲ್ಲಿ ಸೂಜಿ ಕಂಡಿಲ್ಲ ಅನ್ನೋ ಹಾಗೆ. ರಾತ್ರಿ ಇಬ್ಬರು ಅಜ್ಜಿಯರು ಬಂದು ಒಂದೊಂದು ತಗೊಂಡು ಹೋದರು. ನಿಮ್ಮ ಅಮ್ಮನ ಲೆಕ್ಕ ಸರಿ ಇತ್ತು ಅಕ್ಕ.

ಎರಡು ರಾತ್ರಿಯ ದುಡ್ಡು ಪೂರ್ತಿ ತಗೊಂಡರು. ರಸ್ತೆ ಚೆನ್ನಾಗಿತ್ತಲ್ಲ.

ಈಗ ಸಮಸ್ಯೆ. ಹೊರಡುವಾಗ ಅಜ್ಜಿ ಒಂದು ಬಾಟಲಿ ಕೊಟ್ಟರು, ಒಂದು ಕಿಲೋ ಆದರೂ ಇದೆ. ಸ್ವಾನ್ ಉಪ್ಪು. ಕುಟ್ಟಿದ ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಣಗಿಸಿದ ಚೆಂಡುಹೂವಿನ ಎಸಳು, ಮೆಂತ್ಯದ ಬಳಗದ್ದೇ ಒಂದು ಕಾಳು, ಎಲ್ಲ ಸೇರಿಸಿದ್ದು. ಮೂರು ಪ್ಲಾಸ್ಟಿಕ್ ಕವರ್ ಸುತ್ತಿದರೂ ನನ್ನ ಬಟ್ಟೆಯೆಲ್ಲ ಅದೇ ವಾಸನೆ. ನನ್ನ ಹೆಸರಿಗೆ ಸರಿಯಾಗೇ ಇದೆ ಬಿಡಿ. ಬಾಟಲಿ ನನಗಲ್ಲ, "ಬೀನ್ಸ್ ಆರಿಸಿದವರಿಗೆ" ಅಂತ ಹುಡುಗಿ ಎರಡು ಸಲ ಹೇಳಿದಳು.

---

ಲೆಕ್ಕಪತ್ರ | ಸೆಪ್ಟೆಂಬರ್ 23, ಸಂಜೆ 5:45

ಒಂದು ಕಿಲೋ ಕೈಯಲ್ಲಿ ಕುಟ್ಟಿದ ಉಪ್ಪು. ಬಾಕಿ ಇಳಿಯೋ ಬದಲು ಏರಿತಲ್ರೀ.

---

ಕಿಟಕಿಸೀಟು | ಸೆಪ್ಟೆಂಬರ್ 23, ರಾತ್ರಿ 8:30

ಅಮ್ಮನಿಗೆ ಓದಿ ಹೇಳಿದೆ. ಕನ್ನಡಕ ಹುಡುಕಿಕೊಂಡು ಬಂದು ತಾನೇ ಇನ್ನೊಂದು ಸಲ ಓದಿದಳು. ಆಮೇಲೆ ಕೇಳಿದ್ದು ಒಂದೇ: "ಮುಂದಿನ ವರ್ಷ ಯಾರು ಹೋಗ್ತಿದ್ದಾರೆ?"

ಯಾರಾದರೂ ಇದ್ದರೆ ಇಲ್ಲೇ ಹೇಳಿ.